ಮೆದುಳಿನ ಯಂತ್ರಕ್ಕೆ ಸೆಟ್ಟಿಂಗ್ ಕಾರವಾರದಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಕಂಪವಾತಕ್ಕೆ (ಪಾರ್ಕಿನ್ಸನ್ ಕಾಯಿಲೆಗೆ) ಮೆದುಳಿನಲ್ಲಿ ತಂತಿ ಕೂರಿಸಿ ಮಾಡುವ ಚಿಕಿತ್ಸೆಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಡುಕ ನಿಂತ ಕೈ ಚಾಚಿ ಕೂತ ರೋಗಿ, ಪಕ್ಕದಲ್ಲಿ ವೈದ್ಯರು. ಅದು ಸುಳ್ಳಲ್ಲ. ಆದರೆ ಆ ರೋಗಿ ಊರಿಗೆ ಬಂದ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಎಲ್ಲೂ ಓದಿಲ್ಲ. ನಮ್ಮ ಊರು ಅಂಕೋಲಾ. ನಮ್ಮ ಅತ್ತೆಯವರಿಗೆ 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಈ ಆಪರೇಷನ್ ಆಯಿತು. ಅವರನ್ನು ನೋಡಿಕೊಳ್ಳುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆಯವರು ಹೂ ಕಟ್ಟುವವರು. ಹಿತ್ತಲಿನ ಅಬ್ಬಲಿಗೆ ಕೊಯ್ದು, ಬಾಳೆನಾರು ನೆನೆಸಿಟ್ಟುಕೊಂಡು, ಮಾತಾಡುತ್ತಲೇ ಮೊಳಗಟ್ಟಲೆ ದಂಡೆ ಕಟ್ಟುತ್ತಿದ್ದರು. ಕಣ್ಣು ನಮ್ಮ ಕಡೆ, ಬೆರಳು ಹೂವಿನ ಕಡೆ. ಹತ್ತು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನಲ್ಲಿ ನಡುಕ ಶುರುವಾಯಿತು. ಗುಳಿಗೆಗೆ ಮೊದಲು ಚೆನ್ನಾಗಿ ಬಗ್ಗಿತು. ಬರಬರುತ್ತಾ ಒಂದು ಗುಳಿಗೆಯ ಶಕ್ತಿ ಎರಡು ತಾಸಿಗೂ ಬರಲಿಲ್ಲ. ಶಕ್ತಿ ಇಳಿದಾಗ ಮೈ ಮರದ ಹಾಗೆ ಬಿಗಿಯುತ್ತಿತ್ತು, ಏರಿದಾಗ ಬೇಡವೆಂದರೂ ಕೈಕಾಲು ಹೊರಳಾಡುತ್ತಿತ್ತು. ಗುಳಿಗೆಯಿಂದ ಗುಣ ಸಿಗುತ್ತದೆ, ಆದರೆ ಅದು ನಿಲ್ಲುವುದಿಲ್ಲ ಅನ್ನುವ ಇಂಥವರಿಗೇ ಈ ಆಪರೇಷನ್ ಹೆಚ್ಚು ಹೊಂದುತ್ತದಂತೆ. ಮರೆವಿನ ಕಾಯಿಲೆ ಜೋರಾಗಿದ್ದರೆ ವೈದ್ಯರು ಬೇಡ ಅನ್ನುತ್ತಾರೆ.

ಊರಲ್ಲಿ ಇದಕ್ಕೆ 'ತಲೆಗೆ ಕರೆಂಟ್ ಕೊಡೋದು' ಅನ್ನುತ್ತಾರೆ. ಹುಚ್ಚಿಗೆ ಕೊಡುವ ಶಾಕ್ ಅಂದುಕೊಂಡು ನೆಂಟರೊಬ್ಬರು ಮನೆಗೆ ಬಂದು ಅತ್ತೇ ಬಿಟ್ಟರು. ಹಾಗಲ್ಲ ಇದು. ಶ್ಯಾವಿಗೆ ಎಳೆಯಂಥ ಎರಡು ತಂತಿ. ಮೆದುಳಿನ ಆಳದಲ್ಲಿ ಶೇಂಗಾ ಬೀಜದಷ್ಟು ಒಂದು ಜಾಗ ಇದೆ, ಎಡಕ್ಕೊಂದು ಬಲಕ್ಕೊಂದು. ತಂತಿಯ ತುದಿ ಅಲ್ಲಿ ಕೂರಬೇಕು. ತಂತಿ ಕಿವಿಯ ಹಿಂದೆ, ಕುತ್ತಿಗೆಯ ಚರ್ಮದ ಕೆಳಗೆ ಇಳಿದು ಕಾಲರ್ ಎಲುಬಿನ ಹತ್ತಿರ ಹೂತಿಟ್ಟ ಬ್ಯಾಟರಿಗೆ ಸೇರುತ್ತದೆ. ಅಲ್ಲಿಂದ ಸೆಕೆಂಡಿಗೆ 130ರ ಆಸುಪಾಸು ಸಲ ಸಣ್ಣ ಮಿಡಿತ ಹೋಗುತ್ತಿರುತ್ತದೆ. ಅತ್ತೆಯವರಿಗೆ ಅದು ಗೊತ್ತೂ ಆಗುವುದಿಲ್ಲ. ಹೊಸ ಪ್ರಯೋಗವೂ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಎಂಬ ವೈದ್ಯರು 1987ರಲ್ಲೇ ಹೀಗೆ ನಡುಕ ನಿಲ್ಲಿಸಿ ತೋರಿಸಿದ್ದರು. ಕಾಯಿಲೆ ಇದರಿಂದ ಹೋಗುವುದಿಲ್ಲ, ಮುಂದುವರಿಯುವುದೂ ನಿಲ್ಲುವುದಿಲ್ಲ. ಆದರೆ ಕೈ ಕೈಯ ಹಾಗೆ ಕೆಲಸ ಮಾಡುತ್ತದೆ. ಅದೇನು ಕಡಿಮೆಯೇ?

ನಮಗೆ ಯಾರೂ ಒತ್ತಿ ಹೇಳದಿದ್ದ ಮಾತು ಒಂದಿದೆ. ಆಪರೇಷನ್ ಅರ್ಧ ಕೆಲಸ, ಉಳಿದರ್ಧ ಸೆಟ್ಟಿಂಗ್. ಅತ್ತೆಯವರ ಒಂದೊಂದು ತಂತಿಯ ತುದಿಯಲ್ಲೂ ನಾಲ್ಕು ಕಡೆ ಕರೆಂಟ್ ಬಿಡಬಹುದು. ಯಾವ ಕಡೆ ಬಿಡಬೇಕು, ಎಷ್ಟು ಬಿಡಬೇಕು, ಒಂದೊಂದು ಮಿಡಿತ ಎಷ್ಟು ಹೊತ್ತಿರಬೇಕು, ಇದನ್ನೆಲ್ಲ ವೈದ್ಯರು ಒಂದು ಟ್ಯಾಬ್ ಹಿಡಿದು, ರೋಗಿಯ ಕೈ ನೋಡುತ್ತಾ, ಮಾತು ಕೇಳುತ್ತಾ ಹೊಂದಿಸುತ್ತಾರೆ. ಒಂದೇ ದಿನದಲ್ಲಿ ಆಗುವುದಿಲ್ಲ. ತಿಂಗಳುಗಟ್ಟಲೆ ಹೋಗಿ ಬರಬೇಕು.

ಯಂತ್ರದ ಗುಣ ಯಾವುದು, ಗುಳಿಗೆಯ ಗುಣ ಯಾವುದು ಅಂತ ಬೇರೆ ಮಾಡಿ ನೋಡಲು, ಸೆಟ್ಟಿಂಗ್‌ಗೆ ಬರುವಾಗ ಹಿಂದಿನ ರಾತ್ರಿಯಿಂದಲೇ ಗುಳಿಗೆ ನಿಲ್ಲಿಸಿ ಬನ್ನಿ ಅನ್ನುತ್ತಾರೆ. ಬೆಂಗಳೂರಿನವರಿಗೆ ಇದೇನು ದೊಡ್ಡದಲ್ಲ. ಮನೆಯಲ್ಲಿ ಮಲಗಿದ್ದು ಬೆಳಿಗ್ಗೆ ಆಟೋದಲ್ಲಿ ಬರಬಹುದು. ನಾವು ಸಂಜೆ ಅಂಕೋಲಾ ಸ್ಟೇಷನ್ನಿನಲ್ಲಿ ಬೆಂಗಳೂರಿನ ಪಂಚಗಂಗಾ ರೈಲು ಹತ್ತಿದೆವು. ಫೆಬ್ರವರಿಯ ಆ ಮೊದಲ ಸಲ ಯಂತ್ರ ಇನ್ನೂ ಚಾಲೂ ಆಗಿರಲಿಲ್ಲ, ಗುಳಿಗೆಯೂ ಇಲ್ಲ. ಕುಂದಾಪುರ ದಾಟುವ ಹೊತ್ತಿಗೆ ಅತ್ತೆಯವರ ಮೈ ಬಿಗಿಯಿತು. ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ರಾತ್ರಿ ನಾಲ್ಕು ಸಲ ನಾನೇ ಹೊರಳಿಸಿ ಮಲಗಿಸಿದೆ. ಶೌಚಕ್ಕೆ ಹೋಗಬೇಕು ಅಂದರು. ಓಡುವ ರೈಲಿನಲ್ಲಿ, ಕಾಲು ಕೀಳಲಾಗದವರನ್ನು ಆ ಬಾಗಿಲಿನೊಳಗೆ ಹೇಗೆ ನಿಲ್ಲಿಸುವುದು? ಎದುರು ಬರ್ತಿನ ಹುಡುಗಿಯೊಬ್ಬಳು ಎದ್ದು ಬಂದು ಹಿಡಿದಳು. ಅವಳ ಹೆಸರು ಕೇಳುವುದಕ್ಕೂ ಮರೆತೆ. ಅಂದಿನಿಂದ ಒಂದು ದಿನ ಮೊದಲೇ ಹೋಗಿ ಲಾಡ್ಜಿನಲ್ಲಿ ಉಳಿಯುತ್ತೇವೆ. ಖರ್ಚು ಜಾಸ್ತಿ, ಆದರೆ ಆ ರಾತ್ರಿ ಇನ್ನೊಮ್ಮೆ ಬೇಡ.

ಮರುದಿನ ವೈದ್ಯರು ಯಂತ್ರ ಚಾಲೂ ಮಾಡಿದರು. ಸ್ವಲ್ಪ ಏರಿಸಿದಾಗ ತುಟಿಯ ಒಂದು ಬದಿ ಎಳೆಯಿತು, ಮಾತು ತೊದಲಿತು. ಇಳಿಸಿದರು. ತುದಿಯಲ್ಲಿ ಇನ್ನೊಂದು ಕಡೆ ಬಿಟ್ಟು ನೋಡಿದರು. ಮುಷ್ಟಿ ಕಟ್ಟಿದ್ದ ಬಲಗೈ ಮೆಲ್ಲಗೆ ಬಿಚ್ಚಿತು. ಹೆಬ್ಬೆರಳು, ತೋರುಬೆರಳು ತಟ್ಟಿ ಅಂದರು ವೈದ್ಯರು. ಅತ್ತೆಯವರು "ಹೂ ಕಟ್ಟಿದ ಹಾಗೆ ಮಾಡ್ಲಾ?" ಅಂತ ಕೇಳಿದರು.

ಆ ಮಳೆಗಾಲದಲ್ಲಿ ಮತ್ತೆ ಮಾತು ತೊದಲತೊಡಗಿತು. ಆಗಸ್ಟ್ ಮೊದಲ ವಾರಕ್ಕೆ ತಾರೀಖು ಸಿಕ್ಕಿತ್ತು. 2024ರ ಜುಲೈ 16ರಂದು ನಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆ ತಿಂಗಳ ಕೊನೆಗೆ ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿ ಘಟ್ಟದ ರೈಲುಗಳು ನಿಂತವು. ಗುಡ್ಡದ ಕೆಳಗೆ ಜೀವ ಕಳೆದುಕೊಂಡವರ ಮುಂದೆ ನಮ್ಮ ಕಷ್ಟ ಏನೂ ಅಲ್ಲ, ಗೊತ್ತು. ಆದರೂ ಮನೆಯೊಳಗೆ ಅತ್ತೆಯವರ ಮಾತು ದಿನದಿಂದ ದಿನಕ್ಕೆ ಅರ್ಥವಾಗದೆ ಹೋಗುತ್ತಿತ್ತು. ಫೋನಿನಲ್ಲಿ ವೈದ್ಯರನ್ನು ಕೇಳಿ, ನಮ್ಮ ಹತ್ತಿರ ಇರುವ ಯಂತ್ರದ ರಿಮೋಟ್‌ನಲ್ಲಿ ಅವರು ಬಿಟ್ಟುಕೊಟ್ಟಿದ್ದ ಮಿತಿಯೊಳಗೆ ಕರೆಂಟ್ ಎರಡು ಹೆಜ್ಜೆ ಇಳಿಸಿದೆವು. ಮಾತು ತಿಳಿಯಾಯಿತು, ನಡುಕ ವಾಪಸ್ ಬಂತು. ಹೋಗಲು ಆದದ್ದು ತಿಂಗಳ ಕೊನೆಗೆ. ವೈದ್ಯರ ಕೋಣೆಯೊಳಗೆ ನಾವು ಇದ್ದದ್ದು 25 ನಿಮಿಷ!

ಇದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದು. ಭುಜ ನೋವು ಅಂತ ಇಲ್ಲೇ ಹತ್ತಿರದ ಒಂದು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನವರು ಒಳ್ಳೆಯವರೇ. ಶಾಖ ಕೊಡುತ್ತೇವೆ ಅಂತ ಡಯಾಥರ್ಮಿ ಯಂತ್ರದ ಪ್ಯಾಡ್ ಭುಜಕ್ಕೆ ಇಡಲು ಬಂದರು. ನನ್ನ ಪರ್ಸಿನಲ್ಲಿದ್ದ, ಈ ಯಂತ್ರದ ವಿವರ ಇರುವ ಕಾರ್ಡ್ ನೆನಪಾಗಿ ಕೈ ಅಡ್ಡ ಹಿಡಿದೆ. ಈ ತಂತಿ ಇರುವವರಿಗೆ ಡಯಾಥರ್ಮಿ ಕೊಡಲೇಬಾರದು. ತಂತಿ ಆ ಶಕ್ತಿಯನ್ನು ಹೀರಿ ತುದಿಯಲ್ಲಿ ಕಾದುಬಿಟ್ಟರೆ ಮೆದುಳೇ ಸುಡುತ್ತದೆ, ಪ್ರಾಣವೇ ಹೋಗಬಹುದು. ಎಂಆರ್‌ಐ ಮಾಡಿಸಬೇಕಾದರೂ ಯಂತ್ರದ ಮಾದರಿ ನೋಡಿಯೇ ಮಾಡಬೇಕು. ಪ್ಯಾಡ್ ಇಡಲು ಬಂದ ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ತಪ್ಪು ಅವನದಲ್ಲ ಅಂತ ಈಗಲೂ ಅಂದುಕೊಳ್ಳುತ್ತೇನೆ. ಆ ದಿನ ನನ್ನ ಬದಲು ಬೇರೆ ಯಾರಾದರೂ ಜೊತೆಗೆ ಹೋಗಿದ್ದರೆ?

ಕೇಳುವುದು ಇಷ್ಟೇ. ಮೆದುಳಿನ ಆಪರೇಷನ್ ನಮ್ಮ ಜಿಲ್ಲೆಯಲ್ಲೇ ಆಗಲಿ ಅಂತ ನಾನು ಕೇಳುತ್ತಿಲ್ಲ. ಅದಕ್ಕೆ ಬೇಕಾದ ಪರಿಣತರು, ಸಲಕರಣೆ ದೊಡ್ಡ ಆಸ್ಪತ್ರೆಗಳಲ್ಲೇ ಇರಲಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯ ಜನ ಬೀದಿಗಿಳಿದಿದ್ದರು, ಅದು ಬಂದಾಗ ಬರಲಿ. ಸೆಟ್ಟಿಂಗ್‌ಗೆ ಅಷ್ಟು ದೊಡ್ಡ ಕಟ್ಟಡ ಬೇಕಿಲ್ಲ. ತರಬೇತಿ ಪಡೆದ ಒಬ್ಬ ನರರೋಗ ವೈದ್ಯರು, ಒಂದು ಕೋಣೆ, ಆಯಾ ಕಂಪನಿಯ ಪ್ರೋಗ್ರಾಮರ್ ಟ್ಯಾಬ್ ಸಾಕು. ಒಂದು ಕಂಪನಿಯದು ಇನ್ನೊಂದರ ಯಂತ್ರಕ್ಕೆ ಆಗುವುದಿಲ್ಲ, ಹಾಗಾಗಿ ಎರಡು ಮೂರು ಟ್ಯಾಬ್ ಬೇಕಾದೀತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ನಮ್ಮಿಂದ 35 ಕಿಲೋಮೀಟರ್ ಒಳಗೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದೆ, ಅದರಡಿಯಲ್ಲೇ ಇದನ್ನೂ ಸೇರಿಸಬಹುದಲ್ವಾ? ದೂರದಿಂದಲೇ ಇಂಟರ್ನೆಟ್ ಮೂಲಕ ಸೆಟ್ಟಿಂಗ್ ಬದಲಿಸುವ ವ್ಯವಸ್ಥೆಗೆ ಅಮೆರಿಕದಲ್ಲಿ 2021ರಲ್ಲೇ ಅನುಮತಿ ಸಿಕ್ಕಿದೆ. ನಮ್ಮಲ್ಲೂ ಆಪರೇಷನ್‌ಗೆ ಮೊದಲೇ ರೋಗಿಯ ಊರು ಕೇಳಿ, ಅಂಥ ಯಂತ್ರ ಸಿಗುತ್ತದೆಯೇ ಅಂತ ವೈದ್ಯರು ಯೋಚಿಸಲಿ. ಶಿರಸಿ, ಸಿದ್ದಾಪುರದವರು ಘಟ್ಟ ಇಳಿದು ಕಾರವಾರಕ್ಕೆ ಬರುವುದೂ ಸುಲಭವಲ್ಲ, ಶಿರಸಿಯಲ್ಲೂ ಒಂದು ದಿನ ಇಡಬೇಕು. ಜೊತೆಗೆ ಜಿಲ್ಲೆಯ ಫಿಸಿಯೋಥೆರಪಿ ಕೇಂದ್ರಗಳಿಗೆ, ಸ್ಕ್ಯಾನಿಂಗ್ ಸೆಂಟರುಗಳಿಗೆ ಡಯಾಥರ್ಮಿ, ಎಂಆರ್‌ಐ ಬಗ್ಗೆ ಒಂದು ಪುಟದ ಸೂಚನೆ ಆರೋಗ್ಯ ಇಲಾಖೆಯಿಂದ ಹೋಗಲಿ. ಅದಕ್ಕೆ ಹಣವೂ ಬೇಕಿಲ್ಲ.

ಈ ಚಿಕಿತ್ಸೆಗೆ ನಮಗೆ ಹತ್ತು ಲಕ್ಷದ ಮೇಲೆ ಖರ್ಚಾಗಿದೆ. ಗದ್ದೆಯ ಒಂದು ತುಂಡು ಮಾರಿದೆವು. ಬೇಸರವಿಲ್ಲ. ನಿನ್ನೆ ಸಂಜೆಯೂ ಅತ್ತೆಯವರು ಕಟ್ಟೆಯ ಮೇಲೆ ಕೂತು ಎರಡು ಮೊಳ ಅಬ್ಬಲಿಗೆ ಕಟ್ಟಿದರು. ಗಂಟು ಮೊದಲಿನಷ್ಟು ಬಿಗಿಯಿಲ್ಲ, ನಿಧಾನ, ಆದರೆ ಕಟ್ಟಿದರು. ಅವರ ಮುಂದಿನ ತಾರೀಖು ಜುಲೈ ತಿಂಗಳಲ್ಲಿದೆ. ಮತ್ತೆ ಮಳೆಗಾಲ. ಅಷ್ಟರೊಳಗೆ ಕಾರವಾರದಲ್ಲಿ ತಿಂಗಳಿಗೆ ಒಂದು ದಿನವಾದರೂ ಈ ಸೆಟ್ಟಿಂಗ್ ಸಿಗುವಂತೆ ಮಾಡಬೇಕೆಂದು ಜಿಲ್ಲೆಯ ಶಾಸಕರನ್ನೂ ಆರೋಗ್ಯ ಇಲಾಖೆಯನ್ನೂ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ನಿಮ್ಮ ಓದುಗಾರ್ತಿ,
ಅಂಕೋಲಾ