ರಜೆ ನನ್ನದು, ಕೆಲಸ ಮಾಡಿದ್ದು ನೀವು

ಕಳೆದ ವಾರ ತೀರ್ಪು ಬಂತು. ಆ ಮಗುವಿನ ಜೊತೆ ಕಾರವಾರದ ಕೋರ್ಟಿಗೆ ಹೋಗಿಬರುವ ನನ್ನ ಕೆಲಸ ಮುಗಿಯಿತು. ಅವಳ ಹೆಸರು, ಊರು ಹೇಳುವಂತಿಲ್ಲ. ಕಾನೂನು ಬಿಡುವುದಿಲ್ಲ, ನನ್ನ ಮನಸ್ಸೂ ಬಿಡುವುದಿಲ್ಲ. ಆದರೆ ಶಿರಸಿಯ ನನ್ನ ಕಚೇರಿಯವರಿಗೆ ಎಲ್ಲರೆದುರು ಒಂದು ಮಾತು ಹೇಳಲೇಬೇಕು.

ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಮಗುವಿಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡುತ್ತದೆ. 2020ರ ನಿಯಮದಲ್ಲೇ ಇದೆ. ಇಲಾಖೆಯ ಒಪ್ಪಿಗೆ ಪಡೆದು, ಸ್ವಯಂಸೇವಕಿಯಾಗಿ ನಾನು ಹೋದೆ. ಅದು ವಕೀಲರ ಕೆಲಸ ಅಲ್ಲ. ಮುಂದೆ ಏನಾಗುತ್ತದೆ ಅಂತ ಮಗುವಿಗೆ ತಿಳಿಯುವ ಹಾಗೆ ಹೇಳಬೇಕು, ಪಕ್ಕದಲ್ಲಿ ಕೂರಬೇಕು. ಪ್ರತಿ ಸಲ ಅವಳಿಗೆ ಅದೇ ಮುಖ ಕಾಣಬೇಕು.

ಅದಕ್ಕೆ ದಿನ ಬೇಕಲ್ವಾ? ನಾಲ್ಕನೇ ಶನಿವಾರ ರಜೆ ಬಂದಾಗ ರಾಜ್ಯ ಸರ್ಕಾರಿ ನೌಕರರಾದ ನಮ್ಮ ಸಿಎಲ್ (ಸಾಂದರ್ಭಿಕ ರಜೆ) ವರ್ಷಕ್ಕೆ 15 ದಿನದಿಂದ 10ಕ್ಕೆ ಇಳಿದಿತ್ತು. ಅಷ್ಟು ದೂರ ಹೋದ ಮೇಲೆ ಕೇಸು ಮುಂದಕ್ಕೆ ಹೋದರೂ ರಜೆ ಹೋದಂತೆಯೇ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಯಲ್ಲಾಪುರ ಸುತ್ತಿ ಹೋಗಿದ್ದೆ.

ಸಿಎಲ್ ಮುಗಿದು ಇಎಲ್ (ಗಳಿಕೆ ರಜೆ) ಹಾಕಿದಾಗಲೂ ಮೇಡಂ, ನೀವು "ಮತ್ತೆ ರಜೆಯಾ?" ಅನ್ನಲಿಲ್ಲ. "ಮಗು ಹೇಗಿದೆ?" ಅಂತ ಮಾತ್ರ ಕೇಳಿದಿರಿ. ಪಕ್ಕದ ಟೇಬಲಿನ ಅಕ್ಕ, ನನ್ನ ಪಹಣಿ ತಿದ್ದುಪಡಿ ಫೈಲುಗಳನ್ನೆಲ್ಲ ಸಂಜೆ ಕೂತು ಮುಗಿಸಿದಿರಿ. ಸಾಲದ್ದಕ್ಕೆ ನಿಮ್ಮ ಅಮ್ಮನ ಕೈಯ ತೊಡದೇವು, ಆ ತೆಳ್ಳನೆಯ ಸಿಹಿ ತಿಂಡಿ, ಒಂದು ಡಬ್ಬಿ ಕೊಟ್ಟು ಕಳಿಸಿದಿರಿ.

ಆ ಡಬ್ಬಿಯ ಕಥೆ ನಿಮಗೆ ಹೇಳೇ ಇಲ್ಲ. ಸಾಕ್ಷಿ ಹೇಳುವ ದಿನ ಅವಳು ನನ್ನ ಸೆರಗಿನ ತುದಿ ಹಿಡಿದು ಸುಮ್ನೆ ಕೂತಿದ್ದಳು. ಡಬ್ಬಿ ತೆಗೆದೆ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. "ಇದು ತಿನ್ನೋ ಕಾಗದವಾ?" ಅಂದಳು. ಬೆಳಿಗ್ಗೆಯಿಂದ ಅವಳಾಡಿದ ಮೊದಲ ಮಾತು. ಒಳಗೆ ಕರೆದಾಗ ಸೆರಗು ಬಿಟ್ಟು ತಾನೇ ಮುಂದೆ ನಡೆದಳು.

ಅಮೆರಿಕದ ಟೆಕ್ಸಸ್‌ನಲ್ಲಿ ಕೋರ್ಟಿನಲ್ಲಿ ಮಕ್ಕಳ ಪರ ನಿಲ್ಲುವ ಸ್ವಯಂಸೇವಕರು ರಾಜ್ಯ ಸರ್ಕಾರಿ ನೌಕರರಾಗಿದ್ದರೆ, ತಿಂಗಳಿಗೆ 5 ಗಂಟೆಯವರೆಗೆ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ನಮ್ಮಲ್ಲೂ ಅಂಥದ್ದು ಬರಲಿ. ಐದು ಗಂಟೆ ಮಾತ್ರ ಸಾಲದು, ಘಟ್ಟ ಇಳಿದು ಕಾರವಾರ ಮುಟ್ಟುವುದಕ್ಕೇ ಮೂರು ತಾಸು. ಪೂರ್ತಿ ದಿನವೇ ಬೇಕು. ಎಲ್ಲರಿಗೂ ನಿಮ್ಮಂಥ ಕಚೇರಿ ಸಿಗುವುದಿಲ್ಲವಲ್ಲ.

ತೀರ್ಪಿನ ಸಂಜೆ ಅವಳು ಫೋನಿನಲ್ಲಿ ಕೇಳಿದ್ದು ಒಂದೇ: "ಆ ಕಾಗದ ಇನ್ನೂ ಇದೆಯಾ?" ಅಕ್ಕ, ಅಮ್ಮನಿಗೆ ಹೇಳಿ, ಇನ್ನೊಂದು ಡಬ್ಬಿ ಬೇಕು. ಈ ಸಲ ಭಾನುವಾರ ಹೋಗುತ್ತೇನೆ.