ನನ್ನ ಫೆಲೋಶಿಪ್‌ನ ಹಿಂದೆ ನಿಂತವರಿಗೆ

ಕಳೆದ ವಾರ ನನ್ನ ವೈವಾ ಮುಗಿಯಿತು. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಕೊಡಬಹುದು ಎಂದು ಪರೀಕ್ಷಕರು ಬರೆದುಕೊಟ್ಟರು. ಫೋನ್ ಮಾಡಿ, ಮೆಸೇಜ್ ಹಾಕಿ ಹಾರೈಸಿದ ಎಲ್ಲರಿಗೂ ಧನ್ಯವಾದ. ಎಲ್ಲರಿಗೂ ಉತ್ತರ ಬರೆಯಲು ಇನ್ನೂ ಆಗಿಲ್ಲ, ಬರೆಯುತ್ತೇನೆ.

ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ 'ಸಿಎಸ್‌ಐಆರ್ ನೀಡಿದ ಆರ್ಥಿಕ ನೆರವಿಗೆ ಋಣಿ' ಅಂತ ಒಂದು ಸಾಲು ಹಾಕಿದ್ದೇನೆ. ಸಿಎಸ್‌ಐಆರ್ ಅಂದರೆ ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ. ಎಲ್ಲರೂ ಹಾಕುತ್ತಾರೆ. ಆದರೆ ಆ ನೆರವು ನನ್ನ ತನಕ ಬಂದು ಮುಟ್ಟುವುದಕ್ಕೆ ಎಷ್ಟು ಜನ ದುಡಿದರು ಅನ್ನುವುದು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಂಎಸ್ಸಿ ಆದ ಕೂಡಲೇ ಸಂಶೋಧನೆಗೆ ಬರುವ ಪರಿಸ್ಥಿತಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪನದು ಹೊಲಿಗೆ ಅಂಗಡಿ. ತಮ್ಮ ಇನ್ನೂ ಓದುತ್ತಿದ್ದ. ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಕೆಲವು ವರ್ಷ ಅದೇ ಆಯಿತು. ನಡುವೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದೆ, ಎಲ್‌ಎಸ್ ಮಾತ್ರ ಬಂತು. ಎಲ್‌ಎಸ್ ಅಂದರೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ. ಅದಕ್ಕೆ ಹಣ ಬರುವುದಿಲ್ಲ. ಹಣ ಬರುವುದು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ಮಾತ್ರ. ಮನೆಯಲ್ಲಿ 'ಕೆಲಸ ಬಿಟ್ಟು ಮತ್ತೆ ಓದುತ್ತೇನೆ' ಅನ್ನುವುದಕ್ಕೂ 'ಕೆಲಸ ಬದಲಾಯಿಸುತ್ತೇನೆ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಅನುಭವಿಸಿದವರಿಗೇ ಗೊತ್ತು, ಅಲ್ವಾ?

2017ರ ಡಿಸೆಂಬರ್ ಪರೀಕ್ಷೆಗೆ ಅರ್ಜಿ ಹಾಕುವಾಗ ನನಗೆ 29 ತುಂಬಿತ್ತು. ಜೆಆರ್‌ಎಫ್‌ಗೆ ಆಗ ವಯಸ್ಸಿನ ಮಿತಿ 28. ಆದರೆ ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ ಇತ್ತು. ಅಧಿಸೂಚನೆಯಲ್ಲಿ ಅದು ಒಂದು ಚಿಕ್ಕ ವಾಕ್ಯ. ಮನೆ ಜವಾಬ್ದಾರಿಗೆ ಅಂತ ನಾಲ್ಕೈದು ವರ್ಷ ಕಳೆದುಕೊಂಡ ಹುಡುಗಿಯರು ಇರುತ್ತಾರೆ ಅಂತ ಯಾರೋ ಯೋಚಿಸಿ ಆ ವಾಕ್ಯ ಸೇರಿಸಿದ್ದಾರೆ. ಅವರು ಯಾರು ಅಂತ ನನಗೆ ಗೊತ್ತಾಗುವುದಿಲ್ಲ. ಅವರಿಗೆ ನನ್ನ ನಮಸ್ಕಾರ.

ಆ ಪರೀಕ್ಷೆಗೆ ಓದುವಾಗ ನನ್ನ ಪಾಲಿನ ಮಧ್ಯಾವಧಿ ಪೇಪರ್ ಕಟ್ಟುಗಳನ್ನು ತಾವೇ ತಿದ್ದಿಕೊಟ್ಟ ಕಾಲೇಜಿನ ಗಣಿತದ ಮೇಡಂ, ಭೌತಶಾಸ್ತ್ರದ ಸರ್, ನಿಮ್ಮಿಬ್ಬರನ್ನೂ ಮರೆತಿಲ್ಲ. ಮೂರು ಗಂಟೆಯ, 200 ಅಂಕಗಳ ಪೇಪರ್ ಅದು. ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ. ನಿಮ್ಮಿಂದ ಸಿಕ್ಕ ಸಂಜೆಗಳು ಇಲ್ಲದಿದ್ದರೆ ಕ್ವಾಂಟಂ ಕೆಮಿಸ್ಟ್ರಿ ನನ್ನ ಕೈಗೆ ಹತ್ತುತ್ತಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಜೆಆರ್‌ಎಫ್ ಆಗಿ ಸೇರಿದೆ. ತಿಂಗಳಿಗೆ 25,000 ರೂಪಾಯಿ. ಕಾಲೇಜಿನ ಸಂಬಳಕ್ಕಿಂತ ಅದು ಜಾಸ್ತಿಯೇ ಇತ್ತು. ಅಮ್ಮ ನೆಂಟರಿಗೆ 'ಮಗಳು ರಿಸರ್ಚ್ ಕೆಲಸದಲ್ಲಿದ್ದಾಳೆ' ಅಂತಲೇ ಹೇಳುತ್ತಿದ್ದರು. 'ಇನ್ನೂ ಓದುತ್ತಿದ್ದಾಳಾ, ಮದುವೆ ಯಾವಾಗ' ಅನ್ನುವ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾದವು. ಫೆಲೋಶಿಪ್ ಬಗ್ಗೆ ಮಾತಾಡುವಾಗ ಎಲ್ಲರೂ ಕೆಮಿಕಲ್ಸ್, ಉಪಕರಣ, ಪೇಪರ್ ಪ್ರಕಟಣೆ ಅಂತಾರೆ. ನನಗೆ ಅದು ಮೊದಲು ಕೊಟ್ಟಿದ್ದು ಮನೆಯಲ್ಲಿ ತಲೆ ಎತ್ತಿ ಕೂರುವ ಜಾಗ.

ಇಲ್ಲಿ ನಾನು ಮುಖ್ಯವಾಗಿ ನೆನೆಯಬೇಕಾದ ಕೆಲವರಿದ್ದಾರೆ. ಆ 25,000 ನಿಗದಿಯಾಗಿದ್ದು 2014ರಲ್ಲಿ. ನಾನು ಸೇರಿದಾಗಲೂ ಅಷ್ಟೇ ಇತ್ತು. ಬೆಲೆಗಳು ಮಾತ್ರ ಅಲ್ಲೇ ನಿಂತಿರಲಿಲ್ಲ. 2018ರ ಕೊನೆಗೆ ಮತ್ತು 2019ರ ಜನವರಿಯಲ್ಲಿ ದೇಶದ ಹಲವು ಕ್ಯಾಂಪಸ್‌ಗಳ ಸಂಶೋಧನಾ ವಿದ್ಯಾರ್ಥಿಗಳು ಫಲಕ ಹಿಡಿದು ನಿಂತರು. ದೆಹಲಿಯವರೆಗೂ ಹೋದರು. ಆ ಜನವರಿಯ ಕೊನೆಗೆ ಆದೇಶ ಬಂತು. ಜೆಆರ್‌ಎಫ್ 31,000, ಎರಡು ವರ್ಷದ ನಂತರ ಸಿಗುವ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) 35,000. ನಮ್ಮ ವಿಭಾಗದಿಂದ ಹೋದ ಸೀನಿಯರ್ ಒಬ್ಬರ ಫೆಲೋಶಿಪ್ ಅವಧಿ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಹೆಚ್ಚಳದಲ್ಲಿ ಅವರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆದರೂ ಸ್ವಂತ ದುಡ್ಡಿನಲ್ಲಿ ಟಿಕೆಟ್ ಮಾಡಿಸಿಕೊಂಡು ಹೋಗಿ ಬಂದರು. ವಾಪಸ್ ಬಂದ ಮಾರನೇ ದಿನ ಲ್ಯಾಬಿಗೆ ಬಂದು, ಏನೂ ಆಗಿಲ್ಲ ಅನ್ನುವ ಹಾಗೆ ನನಗೆ ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ತಿಳಿಯುವ ವಿಧಾನ) ಗ್ರಾಫ್ ಓದುವುದು ಹೇಳಿಕೊಟ್ಟರು. ಅಣ್ಣಾ, ಆಮೇಲೆ ನನಗೆ ಪ್ರತಿ ತಿಂಗಳು ಜಾಸ್ತಿ ಬಂದ ಹಣದಲ್ಲಿ ನಿಮ್ಮ ಪಾಲಿದೆ. ಇದನ್ನು ಎದುರಿಗೆ ಹೇಳಿದರೆ ನೀವು ಮಾತು ಬದಲಿಸುತ್ತೀರಿ, ಅದಕ್ಕೇ ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ನನ್ನ ವಿಷಯ ಕುಡಿಯುವ ನೀರಿನ ಫ್ಲೋರೈಡ್. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೋರ್‌ವೆಲ್ ಆಳಕ್ಕೆ ಹೋದ ಹಾಗೆ ಬಂಡೆಯಿಂದ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ರೂಪಿಸಿದ್ದು ನಾಗಪುರದ 'ನೀರಿ' (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ). ಅದೂ ಸಿಎಸ್‌ಐಆರ್‌ನದೇ ಪ್ರಯೋಗಾಲಯ. ಅದೇ ಸಂಸ್ಥೆಯ ಹಣದಲ್ಲಿ ಅದೇ ಸಮಸ್ಯೆಯ ಇನ್ನೊಂದು ತುದಿ ಹಿಡಿದು ಕೆಲಸ ಮಾಡಿದ್ದು ನನಗೆ ಇವತ್ತಿಗೂ ಹೆಮ್ಮೆ.

ಫ್ಲೋರೈಡ್ ಅಳೆಯಲು ಒಂದು ಎಲೆಕ್ಟ್ರೋಡ್ ಬೇಕು. ಪೆನ್ನಿನಷ್ಟು ಉದ್ದ, ಹೆಬ್ಬೆರಳಿಗಿಂತ ತೆಳು. ಅದರ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡಿನ ಹರಳು ಕೂರಿಸಿರುತ್ತಾರೆ. ನೀರಿಗೆ ಬಫರ್ ಬೆರೆಸಿ ಎಲೆಕ್ಟ್ರೋಡ್ ಇಳಿಸಿದರೆ ಮೀಟರಿನಲ್ಲಿ ಮಿಲಿವೋಲ್ಟ್ ಓಡಲು ಶುರುವಾಗುತ್ತದೆ. ಕಡಿಮೆ ಫ್ಲೋರೈಡ್ ಇದ್ದರೆ ನಿಲ್ಲುವುದು ಬಹಳ ನಿಧಾನ. ಕೊನೆಯ ಅಂಕಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಉಸಿರು ಹಿಡಿದು ಕಾಯಬೇಕು. ಫ್ಲೋರೈಡ್ ಹತ್ತು ಪಟ್ಟು ಹೆಚ್ಚಿದರೆ ಸುಮಾರು 59 ಮಿಲಿವೋಲ್ಟ್ ಇಳಿಯಬೇಕು. ಬೆಳಿಗ್ಗೆ ಆ ಲೆಕ್ಕ ಸರಿ ಬಂದರೆ ಇಡೀ ದಿನ ಧೈರ್ಯ. ಹರಳಿಗೆ ಗೀರು ಬಿತ್ತೋ, ಮುಗಿಯಿತು. ನಮ್ಮದಕ್ಕೂ ಒಮ್ಮೆ ಬಿತ್ತು. ಫೆಲೋಶಿಪ್ ಜೊತೆ ವರ್ಷಕ್ಕೆ 20,000 ರೂಪಾಯಿ ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಇತರ ಖರ್ಚಿನ ಹಣ, ಬರುತ್ತಿತ್ತು. ಹೊಸ ಎಲೆಕ್ಟ್ರೋಡಿಗೆ ಅದು ಸಾಲಲಿಲ್ಲ. ಮಿಕ್ಕಿದ್ದನ್ನು ಗೈಡ್ ತಮ್ಮ ಪ್ರಾಜೆಕ್ಟಿನಿಂದ ಹಾಕಿ, 'ಹಣದ ಯೋಚನೆ ನನಗೆ ಬಿಡು, ರೀಡಿಂಗ್ ಯೋಚನೆ ನೀನು ಮಾಡು' ಅಂದರು. ಸರ್, ಇಷ್ಟು ವರ್ಷದಲ್ಲಿ ನೀವು ನನಗೆ ಹೇಳಿದ ಸಾವಿರ ಮಾತಿನಲ್ಲಿ ನಾನು ಎತ್ತಿಟ್ಟುಕೊಂಡಿದ್ದು ಇದು.

ನೀರಿನ ಮಾದರಿ ತರಲು ಪಾವಗಡ ತಾಲ್ಲೂಕಿನ ಹಳ್ಳಿಗಳಿಗೆ ಹೋಗುತ್ತಿದ್ದೆವು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ತುಂಬಿಸಿ, ಚೀಟಿ ಅಂಟಿಸುವ ಕೆಲಸ. ಒಂದು ಊರಿನಲ್ಲಿ ವಯಸ್ಸಾದ ತಾಯಿಯೊಬ್ಬರು ತಮ್ಮ ಬೋರ್‌ವೆಲ್ ಮೋಟಾರ್ ಹಾಕಿಸಿ, ನಮ್ಮ ಜೊತೆಯೇ ನಿಂತರು. 'ಇದರಿಂದ ನಮ್ಮ ನೀರು ಯಾವಾಗ ಸರಿ ಹೋಗ್ತದಮ್ಮ?' ಅಂತ ಕೇಳಿದರು. ಸುಮ್ನೆ ಸಮಾಧಾನಕ್ಕೆ ಏನೋ ಒಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಲ್ಯಾಬಿನಲ್ಲಿ ಫ್ಲೋರೈಡ್ ತೆಗೆಯುವ ಪುಡಿ ಊರಿನ ಟ್ಯಾಂಕಿನಲ್ಲೂ ಕೆಲಸ ಮಾಡಲು ಇನ್ನೂ ವರ್ಷಗಳು ಬೇಕು ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ಮಾಡಿ ಮಾಡಿ, ಮೊಮ್ಮಕ್ಕಳಿಗಾದರೂ ಆಗಲಿ' ಅಂದರು. ಅಂಗಡಿಯಲ್ಲಿ ಅವರು ಕೊಳ್ಳುವ ಸೋಪಿಗೂ ತೆರಿಗೆ ಇದೆ. ನನ್ನ ಫೆಲೋಶಿಪ್ ಬಂದಿದ್ದು ಅಂಥವರ ಹಣದಿಂದ. ಆ ಊರಿನ ಮಾದರಿಗಳ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಟ್ಟಿದ್ದೇನೆ. ನನ್ನ ಇಂಗ್ಲಿಷ್ ಪೇಪರಿಗಿಂತ ಅದು ಮುಖ್ಯವಾದ ಬರಹ ಅಂತಲೇ ನನ್ನ ನಂಬಿಕೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಲ್ಯಾಬಿಗೆ ಬೀಗ. ಅಪ್ಪನ ಅಂಗಡಿಗೂ ಬೀಗ. ಮದುವೆ, ಜಾತ್ರೆ ಯಾವುದೂ ಇಲ್ಲದ ಮೇಲೆ ಹೊಸ ಬಟ್ಟೆ ಹೊಲಿಸುವವರು ಯಾರು? ಆ ತಿಂಗಳುಗಳಲ್ಲಿ ನಮ್ಮ ಮನೆ ನಡೆದಿದ್ದು ನನ್ನ ಫೆಲೋಶಿಪ್‌ನಿಂದ. ಅಕ್ಕಿ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ, ತಮ್ಮನ ಆನ್‌ಲೈನ್ ಕ್ಲಾಸಿನ ಡೇಟಾ, ಎಲ್ಲವೂ. ಅದೇ ವರ್ಷ ನನಗೆ ಎಸ್‌ಆರ್‌ಎಫ್ ಆಗುವ ಸಮಯ. ಎರಡು ವರ್ಷ ಮುಗಿದ ಮೇಲೆ ಸಮಿತಿಯೊಂದು ಕೆಲಸ ನೋಡಿ ಒಪ್ಪಬೇಕು. ನನ್ನದು ಫೋನಿನ ಪರದೆಯ ಮೇಲೆ ನಡೆಯಿತು, ಮಧ್ಯೆ ಕರೆಂಟ್ ಹೋಯಿತು. ಸಮಿತಿಯವರು ತಾಳ್ಮೆಯಿಂದ ಕಾದು, ನಾನು ಮತ್ತೆ ಬಂದಾಗ ನಿಲ್ಲಿಸಿದ ಸ್ಲೈಡಿನಿಂದಲೇ ಕೇಳಿದರು.

ಹಣ ಯಾವಾಗಲೂ ತಿಂಗಳ ಒಂದನೇ ತಾರೀಖಿಗೆ ಬರುತ್ತಿತ್ತು ಅಂತಲ್ಲ. ಬಿಲ್ಲಿಗೆ ಹಾಜರಾತಿ ಬೇಕು, ಗೈಡ್ ಸಹಿ ಬೇಕು, ವಿಭಾಗದ ಸಹಿ ಬೇಕು, ಮೇಲಿನ ಸಹಿ ಬೇಕು. ದಾರಿಯಲ್ಲಿ ಎಲ್ಲಿ ನಿಂತರೂ ತಿಂಗಳುಗಟ್ಟಲೆ ಕಾಯಬೇಕು. ಕಾದಿದ್ದೇನೆ, ಸಾಲ ಮಾಡಿದ್ದೇನೆ. ಅಂಥ ಸಮಯದಲ್ಲಿ ನನ್ನ ಫೈಲನ್ನು ಕೈಯಲ್ಲೇ ಹಿಡಿದುಕೊಂಡು ಮಹಡಿ ಹತ್ತಿ ಇಳಿದವರು ವಿಭಾಗದ ಗುಮಾಸ್ತೆ ಮೇಡಂ. 'ನಿನ್ನ ಬಿಲ್ ಹೋಯ್ತು ಕಣಮ್ಮ, ಊಟ ಮಾಡು' ಅಂತ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಥೀಸಿಸ್‌ನಲ್ಲಿ ಪ್ರೊಫೆಸರ್‌ಗಳ ಹೆಸರಿನ ಜೊತೆ, ಅದೇ ಅಕ್ಷರದ ಗಾತ್ರದಲ್ಲಿ, ಅವರ ಹೆಸರಿದೆ.

2023ರ ಆಗಸ್ಟ್‌ಗೆ ನನ್ನ ಐದು ವರ್ಷ ಮುಗಿಯಿತು. ಲಾಕ್‌ಡೌನ್‌ನಲ್ಲಿ ಹೋದ ಪ್ರಯೋಗಗಳು ಹೋಗಿಯೇ ಬಿಟ್ಟಿದ್ದವು. ಥೀಸಿಸ್ ಇನ್ನೂ ಅರ್ಧ. ಹಣ ನಿಂತಿತು. ಇನ್ನು ಮುಂದೆ ಬರೆಯುವುದು ನನಗೆ ಬಹಳ ಮುಖ್ಯವಾದದ್ದು.

ನಮ್ಮ ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲ್ಲಿನಲ್ಲೇ ಒಬ್ಬ ಗೆಳತಿ ಇದ್ದಾಳೆ. ನಾನು ಬರುವ ಹೊತ್ತಿಗೇ ಬರುತ್ತಾಳೆ, ನಾನು ಮಾಡುವಷ್ಟೇ ಕೆಲಸ ಮಾಡುತ್ತಾಳೆ. ಅವಳಿಗೆ ಯಾವ ಫೆಲೋಶಿಪ್ಪೂ ಇಲ್ಲ. ನೆಟ್‌ನಲ್ಲಿ ಕಟ್-ಆಫ್‌ನ ಹತ್ತಿರ ಬಂದು ನಿಂತಳು. ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದವರಿಗೆ ಇನ್‌ಸ್ಪೈರ್ ಫೆಲೋಶಿಪ್ ಇದೆ, ಗೇಟ್ ಪರೀಕ್ಷೆ ಬರೆದು ಐಐಟಿಗೆ ಹೋದವರಿಗೆ ಅಲ್ಲಿಯ ಸ್ಟೈಪೆಂಡ್ ಇದೆ, ಪಿಎಂಆರ್‌ಎಫ್ (ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್) ಸಿಕ್ಕವರಿಗೆ ಮೊದಲ ವರ್ಷವೇ ತಿಂಗಳಿಗೆ 70,000 ಇದೆ. ನೆಟ್ ಇಲ್ಲದವರಿಗೆ ಯುಜಿಸಿ ಕೊಡುವ 8,000 ಕೂಡ ಕೇಂದ್ರೀಯ ವಿಶ್ವವಿದ್ಯಾಲಯಗಳವರಿಗೆ ಮಾತ್ರ. ನಮ್ಮದು ರಾಜ್ಯ ವಿಶ್ವವಿದ್ಯಾಲಯ. ಅವಳು ಬೆಳಿಗ್ಗೆ, ಸಂಜೆ ಟ್ಯೂಷನ್ ಹೇಳಿ ಪಿಎಚ್‌ಡಿ ನಡೆಸಿದಳು.

ನನ್ನ ಹಣ ನಿಂತ ತಿಂಗಳು ಅವಳು ಬಂದು, ತನ್ನ ಸಂಜೆಯ ಬ್ಯಾಚನ್ನು ನನಗೆ ಬಿಟ್ಟುಕೊಟ್ಟಳು. ದ್ವಿತೀಯ ಪಿಯು ಮಕ್ಕಳ ಬ್ಯಾಚ್ ಅದು. 'ನಿನಗೆ ಪಿಯು ಪಾಠ ಅಭ್ಯಾಸ ಇದೆ, ನನಗೆ ಸಂಜೆ ಬರೆಯಲು ಸಮಯ ಬೇಕು' ಅಂತ ಕಾರಣ ಹೇಳಿದಳು. ಅವಳಿಗೆ ಆ ಹಣ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತಿತ್ತು. ಐದು ವರ್ಷ ಸರ್ಕಾರ ನನ್ನನ್ನು ನೋಡಿಕೊಂಡಿತು. ಆರನೇ ವರ್ಷ ನೋಡಿಕೊಂಡವಳು ಸರ್ಕಾರದಿಂದ ಏನೂ ಸಿಗದ ಇವಳು. ನನ್ನ ಥೀಸಿಸ್‌ನ ಕೊನೆಯ ಎರಡು ಅಧ್ಯಾಯ ಅವಳ ಬ್ಯಾಚಿನ ದುಡ್ಡಿನಲ್ಲಿ ಬರೆದದ್ದು. ಫೆಲೋಶಿಪ್ ಕೊಟ್ಟ ದೇಶಕ್ಕೆ ನನ್ನ ಕೃತಜ್ಞತೆ ಪೂರ್ತಿ ಇದೆ. ಅವಳಂಥವರ ಕೈಗೂ ಅದು ತಲುಪಬೇಕು ಅನ್ನುವ ಮಾತನ್ನೂ ಅಷ್ಟೇ ಮನಸ್ಸಿನಿಂದ ಹೇಳುತ್ತೇನೆ.

ಆ ದಿನಗಳಲ್ಲೇ ಇನ್ನೊಂದು ನೆರವು ಬಂತು. 2023ರ ಜೂನ್‌ನಲ್ಲಿ ಫೆಲೋಶಿಪ್ ಮತ್ತೆ ಪರಿಷ್ಕರಣೆಯಾಗಿತ್ತು. ಜೆಆರ್‌ಎಫ್ 37,000, ಎಸ್‌ಆರ್‌ಎಫ್ 42,000, ಆ ವರ್ಷದ ಜನವರಿ 1ರಿಂದಲೇ ಅನ್ವಯ. ಅಂದರೆ ನನಗೆ ಪ್ರತಿ ತಿಂಗಳಿಗೆ 7,000 ಬಾಕಿ ಬರಬೇಕಿತ್ತು. ಅದು ಬಂದಾಗ ನಾನು ಫೆಲೋ ಆಗಿರಲೇ ಇಲ್ಲ. ಅದರಲ್ಲೇ ಥೀಸಿಸ್ ಪ್ರಿಂಟು, ಬೈಂಡಿಂಗ್, ಸಲ್ಲಿಕೆಯ ಶುಲ್ಕ ಎಲ್ಲ ಆಯಿತು. ಈ ಹೆಚ್ಚಳಕ್ಕಾಗಿ ಮನವಿ ಬರೆದವರು, ಸಹಿ ಸಂಗ್ರಹಿಸಿದವರು ನನಗಿಂತ ಕಿರಿಯರು. ನಿಮ್ಮಲ್ಲಿ ಎಷ್ಟೋ ಜನರ ಮುಖ ನಾನು ನೋಡಿಲ್ಲ. ನಿಮಗೆಲ್ಲ ಧನ್ಯವಾದ.

ಅಪ್ಪನಿಗೆ, ಅಮ್ಮನಿಗೆ ಇಲ್ಲಿ ಏನೂ ಬರೆಯುವುದಿಲ್ಲ. ಅವರು ಇದನ್ನು ಓದಿದರೆ ಅಳುತ್ತಾರೆ, ನಾನೂ ಅಳುತ್ತೇನೆ.

ಗೆಳತಿಯ ಥೀಸಿಸ್ ಕೆಲವೇ ತಿಂಗಳಲ್ಲಿ ಸಲ್ಲಿಕೆಯಾಗುತ್ತದೆ. ಅಲ್ಲಿಯವರೆಗೆ ಪಿಯು ಬ್ಯಾಚಿನ ಎರಡೂ ಹೊತ್ತು ನಾನೇ ನೋಡಿಕೊಳ್ಳುತ್ತಿದ್ದೇನೆ, ಹಣ ಅವಳಿಗೆ. ಎಲೆಕ್ಟ್ರೋಡನ್ನೂ ಅದರ ಕ್ಯಾಲಿಬ್ರೇಷನ್ ಪುಸ್ತಕವನ್ನೂ ಹೊಸದಾಗಿ ಸೇರಿದ ಹುಡುಗನ ಕೈಗೆ ಕೊಟ್ಟಿದ್ದೇನೆ. ಕೆಮಿಕಲ್ ಸೈನ್ಸಸ್ ನೆಟ್‌ಗೆ ಓದುತ್ತಿರುವವರು, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದು ಪೇಪರಿನ ಕಷ್ಟದ ಭಾಗವಾದ ಪಾರ್ಟ್ ಸಿ ನೋಡಿ ಹೆದರಿದವರು, ದಯವಿಟ್ಟು ನನಗೆ ಬರೆಯಿರಿ. ನೋಟ್ಸ್ ಎಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ವಯಸ್ಸು ದಾಟಿತು ಅನ್ನಿಸಿದ ಹೆಣ್ಣುಮಕ್ಕಳು ಅರ್ಜಿ ಹಾಕುವ ಮೊದಲೇ 'ಇನ್ನು ಆಗಲ್ಲ' ಅಂದುಕೊಳ್ಳಬೇಡಿ, ಅಧಿಸೂಚನೆಯ ವಯೋಮಿತಿಯ ಭಾಗವನ್ನು ಪೂರ್ತಿ ಓದಿ.