ನವೋದ್ಯಮಗಳ ನೌಕರರಿಗೆ ಷರತ್ತುಗಳು ಬರವಣಿಗೆಯಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ಐಟಿ ನೌಕರರ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಚರ್ಚೆ ದುಡಿಮೆಯ ಅವಧಿಯ ಸುತ್ತಲೇ ತಿರುಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗಲೂ, ಮರುವರ್ಷ ದಿನದ ಕೆಲಸವನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವವನ್ನು ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ವಿರೋಧಿಸಿದಾಗಲೂ ಹಾಗೆಯೇ ಆಯಿತು. ಬೆಂಗಳೂರಿನ ನವೋದ್ಯಮವೊಂದು ಹತ್ತಾರು ಜನರಿಂದ ನೂರಾರು ಜನರಿಗೆ ಬೆಳೆದ ಕಾಲದಲ್ಲಿ ಅಲ್ಲಿ ಎಂಜಿನಿಯರ್ ಆಗಿದ್ದ ನಾನು, ಅಲ್ಲಿನವರಿಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂಬುದನ್ನು ಗಂಟೆಗಳ ಲೆಕ್ಕದಾಚೆಗೂ ನೋಡಬೇಕೆಂದು ಕೋರುತ್ತೇನೆ.

ಹಿಡಿಸುವುದು ಕಡಿಮೆಯೇನಿಲ್ಲ. ದೊಡ್ಡ ಸೇವಾ ಕಂಪನಿಗೆ ಸೇರುವ ಹೊಸಬರು ತರಬೇತಿ ಮುಗಿಸಿ, ‘ಬೆಂಚಿನಲ್ಲಿ’, ಅಂದರೆ ಯಾವ ಯೋಜನೆಯೂ ಸಿಗದೆ, ಕಾದು, ಕೊನೆಗೆ ಯಾವುದೋ ದೇಶದ ಗ್ರಾಹಕರ ತಂತ್ರಾಂಶದ ಒಂದು ಮೂಲೆಯನ್ನು ನೋಡಿಕೊಳ್ಳುತ್ತಾರೆ. ಅದನ್ನು ಬಳಸುವವರ ಮುಖವನ್ನು ಅವರು ಕಾಣುವುದೇ ಇಲ್ಲ. ನಾನಿದ್ದ ಕಂಪನಿಯ ಆ್ಯಪ್ ಅನ್ನು ಕಿರಾಣಿ ಅಂಗಡಿಯವರು ಬಳಸುತ್ತಿದ್ದರು. ಹಾವೇರಿ ಕಡೆಯಿಂದ ಬಂದು ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬದಿದ್ದ ಹುಡುಗಿಯೊಬ್ಬಳು, ಕಡಿಮೆ ಬೆಲೆಯ ಫೋನುಗಳಲ್ಲಿ ನಮ್ಮ ಕನ್ನಡ ಪಠ್ಯದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿದೆ ಎಂದು ಬೆಳಗಿನ ಸಭೆಯಲ್ಲಿ ತೋರಿಸಿದಳು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳಿಗೆ ಹೊಂದುವಂತೆ ನಿಗದಿಪಡಿಸಿದ್ದೇ ಅದಕ್ಕೆ ಕಾರಣವಾಗಿತ್ತು. ಯಾರ ಅನುಮತಿಗೂ ಕಾಯದೆ ಅವಳೇ ಅದನ್ನು ಸರಿಪಡಿಸಿದಳು, ಅದೇ ವಾರ ಅದು ಎಲ್ಲ ಅಂಗಡಿಗಳ ಫೋನುಗಳನ್ನೂ ತಲುಪಿತು. ಯಾವ ಕಾಲೇಜು, ಎಷ್ಟು ಅಂಕ ಎಂದು ಯಾರೂ ಕೇಳದ ಇಂಥ ಕಡೆ ಎರಡು ವರ್ಷ ದುಡಿದವರು ಕಲಿಯುವುದು, ಬೇರೆಡೆ ಐದು ವರ್ಷಕ್ಕೂ ಸಿಗದಿರಬಹುದು. ಚಿತ್ರಗಳಲ್ಲಿ ಕಾಣುವ ಬೀನ್ ಬ್ಯಾಗು, ಟೇಬಲ್ ಟೆನಿಸ್ ಮೇಜುಗಳ ಮಾತು ಬಿಡಿ. ಅವು ಎರಡನೆಯ ವಾರಕ್ಕೇ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ.

ಹಿಡಿಸದಿರುವುದು ಬಹುಮಟ್ಟಿಗೆ ಇದೇ ವೇಗದಿಂದ ಹುಟ್ಟುತ್ತದೆ. ಕಂಪನಿ ಬೆಳೆದಂತೆ ತಂಡಗಳು ಒಡೆಯುತ್ತವೆ, ಮ್ಯಾನೇಜರುಗಳು ಬದಲಾಗುತ್ತಾರೆ, ವರ್ಷದ ಕೆಲಸವನ್ನು ಕಂಡೇ ಇರದವರು ಅದರ ಮೌಲ್ಯಮಾಪನ (ಅಪ್ರೈಸಲ್) ಬರೆಯುತ್ತಾರೆ. ಚೆನ್ನಾಗಿ ಕೋಡ್ ಬರೆಯುತ್ತಿದ್ದ ಇಪ್ಪತ್ತಾರರ ಹುಡುಗ, ಜನರನ್ನು ನಡೆಸಿಕೊಳ್ಳುವ ಬಗ್ಗೆ ಒಂದು ದಿನದ ತರಬೇತಿಯೂ ಇಲ್ಲದೆ ಹನ್ನೆರಡು ಜನರ ಮೇಲ್ವಿಚಾರಕನಾಗುತ್ತಾನೆ. ಆನ್-ಕಾಲ್ ಪಾಳಿಯಲ್ಲಿದ್ದವರ ಫೋನು ರಾತ್ರಿ ಎರಡಕ್ಕೆ ಹೊಡೆದುಕೊಂಡರೆ, ಎದ್ದು ಸರ್ವರ್ ಸರಿಪಡಿಸಿ ಮಲಗುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಆದರೂ ಹತ್ತು ಗಂಟೆಯ ಸಭೆಗೆ ಹಾಜರಿರಬೇಕು. ಆ ರಾತ್ರಿಗೆ ಬದಲಿ ರಜೆ ಉಂಟೋ ಇಲ್ಲವೋ ಎಂಬುದು ಎಲ್ಲಿಯೂ ಬರೆದಿರುವುದಿಲ್ಲ, ಅದು ಆಯಾ ಮ್ಯಾನೇಜರಿನ ಮರ್ಜಿಗೆ ಬಿಟ್ಟದ್ದು. ನನ್ನ ಅನುಭವದಲ್ಲಿ ನೌಕರರನ್ನು ದಣಿಸುವುದು ಕೆಲಸದ ಭಾರಕ್ಕಿಂತ ಹೆಚ್ಚಾಗಿ ಈ ಅನಿಶ್ಚಿತತೆ.

ಈ ಅನಿಶ್ಚಿತತೆ ಅತ್ಯಂತ ದುಬಾರಿಯಾಗುವುದು ಇಸಾಪ್ ಎಂದು ಕರೆಯುವ ಷೇರು ಆಯ್ಕೆಗಳ, ಅಂದರೆ ಮೊದಲೇ ಗೊತ್ತುಪಡಿಸಿದ ಬೆಲೆಗೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕುಗಳ, ವಿಷಯದಲ್ಲಿ. ಸಂಬಳ ಸ್ವಲ್ಪ ಕಡಿಮೆ, ಆದರೆ ಇಷ್ಟು ಸಾವಿರ ಆಯ್ಕೆಗಳಿವೆ ಎಂದು ಆಫರ್ ಪತ್ರ ಹೇಳುತ್ತದೆ. ಕಂಪನಿಯ ಒಟ್ಟು ಷೇರುಗಳೆಷ್ಟು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ; ಹೊಲ ಎಷ್ಟು ಎಕರೆ ಎಂದು ತಿಳಿಸದೆ ಇಷ್ಟು ಸಾಲು ನಿನ್ನದು ಅಂದಂತೆ. ಸಾಮಾನ್ಯವಾಗಿ ಮೊದಲ ವರ್ಷ ತುಂಬುವ ತನಕ ಏನೂ ಕೈಸೇರದು, ಪೂರ್ತಿ ಹಕ್ಕು ಬರಲು ನಾಲ್ಕು ವರ್ಷ ಬೇಕು. ನಡುವೆ ಕೆಲಸ ಬಿಟ್ಟರೆ, ಅಲ್ಲಿಯವರೆಗೆ ಹಕ್ಕಾದ ಷೇರುಗಳನ್ನು ಅನೇಕ ಕಂಪನಿಗಳಲ್ಲಿ 90 ದಿನಗಳೊಳಗೆ ಹಣ ಕೊಟ್ಟು ಪಡೆಯಬೇಕು, ಇಲ್ಲವಾದರೆ ಅವು ರದ್ದಾಗುತ್ತವೆ. ಪಡೆದ ಕೂಡಲೇ ತೆರಿಗೆಯೂ ಬೀಳುತ್ತದೆ. ಒಬ್ಬರ ಬಳಿ 2,000 ಆಯ್ಕೆಗಳಿದ್ದು, ಷೇರಿಗೆ ಅವರು ಕೊಡಬೇಕಾದ ಬೆಲೆ 10 ರೂಪಾಯಿ, ಅಂದಿನ ಮೌಲ್ಯ 500 ರೂಪಾಯಿ ಎಂದಿಟ್ಟುಕೊಳ್ಳಿ. ವ್ಯತ್ಯಾಸದ 9.8 ಲಕ್ಷ ರೂಪಾಯಿ ಸಂಬಳದ ಆದಾಯಕ್ಕೆ ಸೇರುತ್ತದೆ. ಶೇ 30ರ ದರದವರಾದರೆ ಸೆಸ್ ಸೇರಿ ಮೂರು ಲಕ್ಷಕ್ಕೂ ಹೆಚ್ಚು ತೆರಿಗೆ. ಮಾರಲು ಮಾರುಕಟ್ಟೆಯೇ ಇಲ್ಲದ ಷೇರಿಗಾಗಿ ಉಳಿತಾಯದಿಂದ ಅಷ್ಟು ಹಣವನ್ನು ಕೊಡಬೇಕು. 2020ರ ಬಜೆಟ್ ಈ ತೆರಿಗೆಯನ್ನು ಮುಂದೂಡುವ ಅವಕಾಶ ಕೊಟ್ಟಿತಾದರೂ, ಅದು ಪ್ರತ್ಯೇಕ ಪ್ರಮಾಣಪತ್ರ ಪಡೆದ ನವೋದ್ಯಮಗಳಿಗೆ ಮಾತ್ರ, ಅಂದರೆ ಒಟ್ಟಾರೆಯ ಅಲ್ಪಭಾಗಕ್ಕೆ ಸೀಮಿತವಾಗಿದೆ. ನನ್ನ ಸಹೋದ್ಯೋಗಿಗಳಲ್ಲಿ ಹಲವರಿಗೆ ಇದೆಲ್ಲ ತಿಳಿದದ್ದು ರಾಜೀನಾಮೆ ಕೊಟ್ಟ ನಂತರ. ಅವರಲ್ಲಿ ಕೆಲವರು ವರ್ಷಗಟ್ಟಲೆ ದುಡಿದು ಗಳಿಸಿದ ಷೇರುಗಳನ್ನು ಸುಮ್ಮನೆ ಕೈಬಿಟ್ಟರು.

ಷೇರಿನ ಆಸೆಗೆ ಆಧಾರವೇ ಇಲ್ಲವೆಂದು ಇದರ ಅರ್ಥವಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ನ ಸುಮಾರು ಶೇ 77ರಷ್ಟು ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 16 ಬಿಲಿಯನ್ ಡಾಲರ್‌ಗೆ ಕೊಂಡಾಗ, ಆರಂಭದ ನೌಕರರಲ್ಲಿ ಅನೇಕರ ಬದುಕು ಬದಲಾಯಿತು. ಆದರೆ ಇದೇ ನಗರದ ಬೈಜೂಸ್ 2022ರಲ್ಲಿ 22 ಬಿಲಿಯನ್ ಡಾಲರ್ ಮೌಲ್ಯದ ಕಂಪನಿ ಎನಿಸಿಕೊಂಡಿದ್ದು, 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕೆಲಸಕ್ಕೆ ಕರೆಯುವವರು ಮೊದಲನೆಯ ಕಥೆಯನ್ನಷ್ಟೇ ಹೇಳುತ್ತಾರೆ. ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚದ (ಸಿಟಿಸಿ) ಲೆಕ್ಕದಲ್ಲಿ ಗ್ರಾಚ್ಯುಟಿಯನ್ನು ಸೇರಿಸಿ ಮೊತ್ತ ಹಿಗ್ಗಿಸುವಾಗಲೂ, ಕಾಯಂ ನೌಕರರಿಗೆ ಅದು ಸಿಗಲು ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆ ಬೇಕೆಂಬ ಸಂಗತಿಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಎರಡು-ಮೂರು ವರ್ಷಕ್ಕೆ ಜನ ಬದಲಾಗುವ ಕಂಪನಿಗಳಲ್ಲಿ ಆ ಹಣ ಪಡೆಯುವವರು ಎಷ್ಟು ಮಂದಿ?

ಇಲ್ಲಿ ರಾಜ್ಯ ಸರ್ಕಾರದ ಹೊಣೆಯೂ ಇದೆ. ಸೇವಾ ಷರತ್ತುಗಳನ್ನು ಲಿಖಿತವಾಗಿ ಪ್ರಕಟಿಸುವಂತೆ ಹೇಳುತ್ತಿದ್ದ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ, ನವೋದ್ಯಮಗಳಿಗೆ ಕರ್ನಾಟಕ 2014ರಲ್ಲಿ ವಿನಾಯಿತಿ ಕೊಟ್ಟು, 2019 ಮತ್ತು 2024ರಲ್ಲಿ ಅದನ್ನು ಐದೈದು ವರ್ಷ ವಿಸ್ತರಿಸಿತು. ವಿನಾಯಿತಿಗೆ ಷರತ್ತುಗಳಿದ್ದವು: ಮಾಲೀಕರ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕು, ಅಮಾನತು, ಹಿಂಬಡ್ತಿ, ವಜಾ ಮುಂತಾದ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ನಾನು ಕೆಲಸ ಮಾಡುತ್ತಿದ್ದ ಕಡೆ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪರವಾಗಿ ಯಾರಿದ್ದಾರೆಂದು ವಿಚಾರಿಸಿದಾಗ ಮಾನವ ಸಂಪನ್ಮೂಲ ವಿಭಾಗದಿಂದ ಸಿಕ್ಕ ಉತ್ತರ, ಕಂಪನಿಯ ಎಲ್ಲರೂ ಸೇರುವ ‘ಟೌನ್‌ಹಾಲ್’ ಸಭೆಯಲ್ಲಿ ಯಾರು ಏನನ್ನಾದರೂ ಕೇಳಬಹುದು ಎಂಬುದಾಗಿತ್ತು. ಕಂಪನಿಯ ಸ್ಥಾಪಕರ ಎದುರು, ಮುನ್ನೂರು ಜನರ ನಡುವೆ ಎದ್ದುನಿಂತು ತನ್ನ ಮ್ಯಾನೇಜರಿನ ಮೇಲೆ ದೂರು ಹೇಳುವ ಧೈರ್ಯ ಯಾರಿಗಿರುತ್ತದೆ?

ಆದ್ದರಿಂದ ಆಫರ್ ಪತ್ರದ ಜೊತೆಯಲ್ಲೇ ಕಂಪನಿಯ ಒಟ್ಟು ಷೇರುಗಳ ಸಂಖ್ಯೆ, ಆಯ್ಕೆಯ ಬೆಲೆ, ಕೆಲಸ ಬಿಟ್ಟ ಮೇಲಿನ ಗಡುವು, ಅಂದಾಜು ತೆರಿಗೆ, ಆನ್-ಕಾಲ್ ರಾತ್ರಿಗಳಿಗೆ ಸಲ್ಲುವ ಬದಲಿ ರಜೆ, ಇವಿಷ್ಟನ್ನೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದು ಪುಟದಲ್ಲಿ ಕೊಡುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಹೂಡಿಕೆದಾರರಿಗೆ ಇದಕ್ಕಿಂತ ನೂರು ಪಟ್ಟು ವಿವರವನ್ನು ಸಿದ್ಧಪಡಿಸಿ ಕೊಡುವ ಕಂಪನಿಗಳಿಗೆ ಇದು ಹೊರೆಯಾಗದು. ಹಾಗೆಯೇ, ವಿನಾಯಿತಿ ಪಡೆದಿದ್ದ ಕಂಪನಿಗಳಲ್ಲಿ ಎಷ್ಟು ಕಡೆ ಕುಂದುಕೊರತೆ ಸಮಿತಿ ನಿಜವಾಗಿ ರಚನೆಯಾಗಿದೆ, ಎಷ್ಟು ವಜಾ ಪ್ರಕರಣಗಳು ತನಗೆ ವರದಿಯಾಗಿವೆ ಎಂಬುದನ್ನು ಕಾರ್ಮಿಕ ಇಲಾಖೆ ಪ್ರತಿವರ್ಷ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಸಾಫ್ಟ್‌ವೇರ್ ಎಂಜಿನಿಯರ್,
ಎಚ್‌ಎಸ್‌ಆರ್ ಬಡಾವಣೆ, ಬೆಂಗಳೂರು